ಅಟ್ಲಾಂಟಿಕ್‌ನಲ್ಲಿ ತೇಲಿದ ಚಟ್ನಿಪುಡಿ ಡಬ್ಬ

ಬಿಳಿಕೆರೆ ಬಸ್ ಸ್ಟಾಪು

ನಾನು ಫಾರಿನ್ನಿಗೆ ಹೋಗುತ್ತೇನೆ ಅನ್ನುವ ಸುದ್ದಿ ಹೆಂಡತಿಗಿಂತ ಮೊದಲು ತಿಳಿದದ್ದು ಬಿಳಿಕೆರೆಯಲ್ಲಿ ಕಡಲೆಕಾಯಿ ಮಾರುವ ಪುಟ್ಟಮ್ಮನಿಗೆ. ಹುಣಸೂರಿನ ಕಾಲೇಜಿನಲ್ಲಿ ಗಣಿತದ ಪಾಠ ಮುಗಿಸಿ, ಕೆ.ಆರ್. ನಗರದ ಬಸ್ಸಿಗೆ ಕಾಯುತ್ತ ಅಲ್ಲಿ ನಿಂತಿದ್ದಾಗ ಮೊಬೈಲಿಗೆ ಮೇಲ್ ಬಂತು. ಓದಿದವನೇ "ಅಯ್ಯೋ ಶಿವನೇ" ಅಂದೆ. ಪುಟ್ಟಮ್ಮ ಯಾರೋ ತೀರಿಕೊಂಡರು ಅಂದುಕೊಂಡು ಅಳೆಯುತ್ತಿದ್ದ ಪಾವನ್ನು ಕೆಳಗಿಟ್ಟಳು. ಯಾರೂ ಹೋಗಿಲ್ಲ ಕಣಮ್ಮ, ನಾನೇ ಹೋಗ್ತಿರೋದು, ಸಮುದ್ರದ ನಡುವಿನ ದ್ವೀಪಕ್ಕೆ, ಆಮೆ ಲೆಕ್ಕ ಮಾಡೋಕೆ ಅಂದೆ.

"ಆಮೆ ಎಣ್ಸಕೆ ಅಷ್ಟ್ ದೂರ ಓಗ್ಬೇಕಾ ಸಾ? ನಮ್ ಕೆರೇಲೇ ಅವಲ್ಲ," ಅಂದಳು. ನಾನು ಒಂದು ಪಾವು ಕಡಲೆಕಾಯಿ ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ನನ್ನ ಯೋಗ್ಯತೆಯನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಈಜು ಬರುವುದಿಲ್ಲ. ಕಾವೇರಿ ಪಕ್ಕದ ಊರಿನಲ್ಲೇ ಹುಟ್ಟಿ ಬೆಳೆದೂ ಮೊಣಕಾಲಿನಿಂದ ಮೇಲಕ್ಕೆ ನೀರು ಕಂಡವನಲ್ಲ. ಸಮುದ್ರವನ್ನು ಆವತ್ತಿಗೆ ಒಂದೇ ಸಲ ನೋಡಿದ್ದೆ, ಕಾಲೇಜಿನ ಟೂರಿನಲ್ಲಿ, ಕಣ್ಣೂರಿನ ಹತ್ತಿರ. ಅಲ್ಲಿಯೂ ಎಲ್ಲರ ಚಪ್ಪಲಿ ಕಾಯುವ ಕೆಲಸ ನನಗೆ ಬಿದ್ದಿತ್ತು.

ಇಂಥವನು ಸಮುದ್ರದ ಗಣಿತಕ್ಕೆ ಬಿದ್ದದ್ದು ಅಂತರಗಂಗೆಯ ಕೃಪೆಯಿಂದ. ಭೇರ್ಯದ ಕಡೆಯ ಒಂದು ಕೆರೆಯಲ್ಲಿ ಈ ತೇಲುವ ಕಳೆ ಯಾವಾಗಲೂ ಎರಡೇ ಜಾಗದಲ್ಲಿ ಗುಂಪುಗೂಡುತ್ತಿತ್ತು. ಕಿತ್ತೆಸೆದರೂ ಮತ್ತೆ ಅಲ್ಲಿಗೇ. ಯಾಕೆ ಅಲ್ಲಿಗೇ ಅಂತ ನಾನೊಂದು ಲೆಕ್ಕ ಮಾಡಿ, ಯಾರೂ ಓದದ ಒಂದು ಪತ್ರಿಕೆಗೆ ಕಳಿಸಿದ್ದೆ. ಅದನ್ನು ಭೂಮಿಯ ಮೇಲೆ ಒಬ್ಬರು ಓದಿದ್ದರು. ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪವೊಂದರಲ್ಲಿ ಕಡಲಾಮೆಗಳನ್ನು ನೋಡಿಕೊಳ್ಳುವ ತೆರೇಜಾ ಅನ್ನುವ ಹೆಂಗಸು. ನಿಮ್ಮ ಕೆರೆಯ ಗಿಡ ಎಲ್ಲಿ ಸೇರುತ್ತದೋ ಅಂಥ ಜಾಗಗಳಲ್ಲೇ ನನ್ನ ಆಮೆಗಳೂ ಸೇರುತ್ತವೆ, ಬಂದು ನೋಡಿ ಎಂದು ಬರೆದಿದ್ದರು. ಹೋಗಿಬರುವ ಖರ್ಚೂ ಅವರದೇ. ಅವರಿಗೆ ನಾನು ದೊಡ್ಡ ಸಮುದ್ರ ಪಂಡಿತ ಎಂಬ ಭ್ರಮೆ ಹುಟ್ಟಿತ್ತು. ಅದನ್ನು ನಾನು ತಿದ್ದಲಿಲ್ಲ.

ನಮ್ಮಪ್ಪ ನೀರಗಂಟಿ. ಕಾಲುವೆಯ ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಯಾವಾಗ ನೀರು ಅಂತ ಸರದಿ ನಡೆಸಿದವರು. ನೀರು ಕೊನೆಯ ಗದ್ದೆ ಮುಟ್ಟಲು ಎಷ್ಟು ಹೊತ್ತು ಬೇಕೆಂದು ನೋಡಲು ಅವರು ಒಂದು ಎಳನೀರು ಬುರುಡೆಯನ್ನು ಕಾಲುವೆಗೆ ಹಾಕಿ, ಅದರ ಜೊತೆಯಲ್ಲೇ ನನ್ನನ್ನು ಏರಿ ಮೇಲೆ ನಡೆಸುತ್ತಿದ್ದರು. ನೀರು ಕುಡಿದು ಮುಕ್ಕಾಲು ಮುಳುಗಿ ತೇಲುವ ಬುರುಡೆ. ಓರಗೆಯವರೆಲ್ಲ ಗೋಲಿ ಆಡುವಾಗ ನಾನು ಬುರುಡೆ ಮೇಯಿಸುತ್ತಿದ್ದೆ. ಒಂದು ದಿನ ಬೇಸತ್ತು, ತರಗೆಲೆ ಹಾಕಿದರೆ ಆಗಲ್ವಾ, ಬೇಗ ಹೋಗುತ್ತೆ ಅಂತ ಕೇಳಿದ್ದಕ್ಕೆ ತಲೆ ಮೇಲೆ ಮೊಟಕಿದರು. ಮೊಟಕಿ, ಯಾಕೆ ಅಂತಲೂ ಹೇಳಿದರು. ನಾನು ಮೊಟಕಿದ್ದನ್ನು ನೆನಪಿಟ್ಟುಕೊಂಡು ಹೇಳಿದ್ದನ್ನು ಮರೆತೆ. ಮುಂದೆ ಆದ ಅನಾಹುತಕ್ಕೆಲ್ಲ ಇದೇ ಮೂಲ.

ಹೊರಡುವ ದಿನ ಹೆಂಡತಿ ಗಿರಿಜ ಕೆಂಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬದ ತುಂಬ ಚಟ್ನಿಪುಡಿ ತುಂಬಿ ಕೊಟ್ಟಳು. ನಾವು ಮಾಂಸ ಮೀನು ಮುಟ್ಟದ ಜನ. ದ್ವೀಪದಲ್ಲಿ ಮೀನು ಬಿಟ್ಟರೆ ಇನ್ನೇನು ಸಿಗುತ್ತದೋ ಎಂಬ ಹೆದರಿಕೆ ಅವಳಿಗೆ. "ನೀವು ಹೆಂಗಾದ್ರೂ ಬನ್ನಿ, ಡಬ್ಬ ಮಾತ್ರ ವಾಪಸ್ ಬರ್ಬೇಕು," ಅಂದಳು. ಅಪ್ಪ ಜಗಲಿ ಮೇಲೆ ಕೂತಿದ್ದವರು ಒಂದೇ ಮಾತು ಹೇಳಿದರು: "ಸಮುದ್ರಕ್ಕೆ ತೂಬಿರಲ್ಲ ಕಣ್ಲಾ, ಉಸಾರು."

ಲಿಸ್ಬನ್ ವಿಮಾನ ನಿಲ್ದಾಣ

ಅಲ್ಲಿ ನನ್ನ ಚೀಲ ತೆಗೆಸಿದರು. ಲ್ಯಾಪ್‌ಟಾಪು, ಸ್ವೆಟರು, ವಿಭೂತಿ ಗಟ್ಟಿ ಎಲ್ಲ ದಾಟಿದವು. ಡಬ್ಬ ಸಿಕ್ಕಿಬಿತ್ತು. ಅಧಿಕಾರಿ ಒಬ್ಬ ಕೈಗವಸು ಹಾಕಿಕೊಂಡು ಮುಚ್ಚಳ ತೆಗೆದು, ಏನಿದು ಅಂದ. ಚಟ್ನಿಪುಡಿಯನ್ನು ಇಂಗ್ಲಿಷಿನಲ್ಲಿ ವಿವರಿಸುವುದು ಕಲನಶಾಸ್ತ್ರಕ್ಕಿಂತ ಕಷ್ಟ. ನಾನು ಬಾಯಿ ತೆರೆಯುವ ಮೊದಲೇ ಅವನು ಮೂಗು ಹತ್ತಿರ ತಂದ. ಆಮೇಲೆ ಸೀನಿದ. ಸೀನುತ್ತಲೇ ಹೋದ. ಸಾಲಿನಲ್ಲಿದ್ದ ಅಷ್ಟೂ ಜನ ನನ್ನನ್ನೇ ನೋಡಿದರು. ಕೊನೆಗೆ ಕಣ್ಣೊರೆಸಿಕೊಂಡು ಅವನು ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ, ಬಹಳ ಗೌರವದಿಂದ ಹಿಂತಿರುಗಿಸಿದ. ನಮ್ಮ ಕಡೆಯ ಬ್ಯಾಡರಹಳ್ಳಿಯ ಮೆಣಸಿನಕಾಯಿಗೆ ಯೂರೋಪಿನಲ್ಲಿ ಸಿಕ್ಕ ಮರ್ಯಾದೆ ಅದು.

ದ್ವೀಪ, ಮೊದಲ ದಿನ

ಸಮುದ್ರ ನೋಡಲು ಹೋದವನಿಗೆ ಮೊದಲು ಕಂಡದ್ದು ಹಸುಗಳು. ಗುಡ್ಡದ ಮೇಲೆಲ್ಲ ಕಪ್ಪು ಬಿಳಿ ಹಸುಗಳು, ನಡುವೆ ನೀಲಿ ಹೂವಿನ ಬೇಲಿ. ಹಾಲಿನ ಕ್ಯಾನು ಹೇರಿಕೊಂಡು ಹೋಗುವ ಗಾಡಿಯ ಹಿಂದೆ ನಮ್ಮ ಕಾರು ಕಾದು ಕಾದು ಹೋಯಿತು. ಇದಕ್ಕೆ ಇಷ್ಟು ದೂರ ಬರಬೇಕಿತ್ತಾ, ಹುಣಸೂರು ರಸ್ತೆಯಲ್ಲಿ ಡೈರಿ ಬಾಗಿಲು ತೆರೆಯುವ ಹೊತ್ತಿಗೆ ಬಂದರೆ ಇದೇ ದರ್ಶನ ಅನ್ನಿಸಿತು.

ಕಾರು ಓಡಿಸುತ್ತಿದ್ದವನು ಮನುಯೆಲ್. ಅರವತ್ತು ದಾಟಿದ ಆಳು, ಕೈಗಳು ನೇಗಿಲ ಮೇಳಿಯಂತೆ ಗಟ್ಟಿ. ತೆರೇಜಾರ ಆಮೆ ಕೇಂದ್ರದ ದೋಣಿ ಓಡಿಸುವವನೂ ಅವನೇ, ಗಾಯಗೊಂಡ ಆಮೆಗಳಿಗೆ ಊಟ ಹಾಕುವವನೂ ಅವನೇ. ಅವನಿಗೆ ಇಂಗ್ಲಿಷು ಅಷ್ಟಕ್ಕಷ್ಟೇ, ನನ್ನ ಇಂಗ್ಲಿಷು ಹುಣಸೂರಿನದು, ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಅಲ್ಲಿಯ ಜನ ಹವಾಮಾನದ ಬಗ್ಗೆ ಯಾವುದನ್ನೂ ಖಂಡಿತವಾಗಿ ಹೇಳುವುದಿಲ್ಲ. ಮಳೆ ಬರುತ್ತಾ ಅಂದರೆ, ಬರಬಹುದು ಅನ್ನುತ್ತಾರೆ, ಮಳೆಯಲ್ಲಿ ನೆನೆಯುತ್ತಿರುವಾಗಲೂ. ಕಾಫಿಯನ್ನು ನಮ್ಮ ತೀರ್ಥದ ಅಳತೆಯಲ್ಲಿ ಕೊಡುತ್ತಾರೆ. ನಾನು ಅದನ್ನು ರುಚಿ ನೋಡಲು ಕೊಟ್ಟದ್ದೆಂದು ತಿಳಿದು ಕುಡಿದು, ಕಾಫಿ ಬರಲೆಂದು ಬಹಳ ಹೊತ್ತು ಕಾದೆ. ತೆರೇಜಾ ಒಳ್ಳೆಯ ಹೆಂಗಸು. ನಾನು ಮೀನು ತಿನ್ನುವುದಿಲ್ಲ ಅಂದಾಗ ಅವರಿಗೆ ನನ್ನ ಬಗ್ಗೆ ಗೌರವ ಹೆಚ್ಚಿತು, ಸಮುದ್ರ ಜೀವಿಗಳ ಮೇಲಿನ ಪ್ರೀತಿ ಅಂದುಕೊಂಡರು. ನಮ್ಮ ಮನೆಯಲ್ಲಿ ಈರುಳ್ಳಿಗೇ ಸೋಮವಾರ ರಜಾ ಎಂದು ಹೇಳಿ ಅವರ ಭಾವನೆ ಕೆಡಿಸಲಿಲ್ಲ. ಬ್ರೆಡ್ಡು, ಚೀಸು, ಮೇಲೆ ಚಟ್ನಿಪುಡಿ. ಬದುಕಿದೆ.

ಎರಡನೇ ದಿನ, ಖಾಲಿ ತೊಟ್ಟಿ

ನನ್ನನ್ನು ಕರೆಸಿದ್ದರ ನಿಜವಾದ ಕಾರಣ ಗೊತ್ತಾದದ್ದು ಮಾರನೇ ದಿನ. ಕೇಂದ್ರದ ಹಿಂದೆ ಒಂದು ದೊಡ್ಡ ನೀರಿನ ತೊಟ್ಟಿ. ತುಂಬ ನೀರಿದೆ, ಒಳಗೆ ಯಾರೂ ಇಲ್ಲ. ತೊಟ್ಟಿಯ ಮೇಲೆ ಮರದ ಹಲಗೆಯಲ್ಲಿ ಒಂದು ಹೆಸರು ಕೆತ್ತಿದೆ: ಕನೇಲ. ಅವರ ಮಾತಿನಲ್ಲಿ ದಾಲ್ಚಿನ್ನಿ. ಅಲ್ಲಿದ್ದ ಆಮೆಯ ಚಿಪ್ಪು ಆ ಬಣ್ಣವಂತೆ. ನಮ್ಮ ಕಡೆಯಾಗಿದ್ದರೆ ಕೆಂಪಿ ಅನ್ನುತ್ತಿದ್ದೆವು.

ಮನುಯೆಲ್ ಕನೇಲಳನ್ನು ಯಾರೋ ಬಿಸಾಡಿದ್ದ ಬಲೆಯಿಂದ ಬಿಡಿಸಿ ತಂದಿದ್ದ. ಮುಂದಿನ ರೆಕ್ಕೆಗಾಲಿಗೆ ಹಗ್ಗ ಕೊರೆದು ಮೂಳೆ ಕಾಣುತ್ತಿತ್ತಂತೆ. ಚಳಿಗಾಲವಿಡೀ ಕೈಯಾರೆ ಉಣಿಸಿದ್ದ. ಡಾಕ್ಟರು ಇನ್ನೂ ಸ್ವಲ್ಪ ಕಾಲ ಇಟ್ಟುಕೊಳ್ಳಿ ಅಂದಿದ್ದರು. ಆದರೆ ಅವಳು ತೊಟ್ಟಿಯ ಗೋಡೆಗೆ ತಲೆ ಗುದ್ದಲು ಶುರು ಮಾಡಿದ್ದಳು. ಅದನ್ನು ನೋಡಲಾರದೆ ಮನುಯೆಲ್ಲೇ ಹಟ ಹಿಡಿದು ಸಮುದ್ರಕ್ಕೆ ಬಿಡಿಸಿದ. ಬಿಡುವಾಗ ಚಿಪ್ಪಿನ ಮೇಲೆ ಒಂದು ಸಣ್ಣ ಯಂತ್ರ ಅಂಟಿಸಿದ್ದರು. ಬ್ಯಾಟರಿ ಉಳಿಯಲೆಂದು ಅದು ದಿನಕ್ಕೆ ಒಂದೇ ಸಲ, ಇಂಥ ಕಡೆ ಇದ್ದೇನೆ ಎಂದು ಉಪಗ್ರಹಕ್ಕೆ ಹೇಳುತ್ತದೆ. ಎಷ್ಟು ಆಳ ಮುಳುಗಿದಳು ಎಂದು ಹೇಳಬೇಕಾದ ಭಾಗ ಬಿಟ್ಟ ದಿನವೇ ಕೆಟ್ಟಿತ್ತು.

ಈಗ ಮೂರು ವಾರದಿಂದ ಕನೇಲ ಹೋಗುತ್ತಿರುವ ದಾರಿ ವಿಚಿತ್ರವಾಗಿತ್ತು. ಬದುಕಿದ್ದಾಳಾ, ಇಲ್ಲ ಯಂತ್ರ ಕಳಚಿ ಅದೊಂದೇ ತೇಲುತ್ತಿದೆಯಾ, ಇಲ್ಲ ಹೆಣ ತೇಲುತ್ತಿದೆಯಾ? ಅದನ್ನು ನಾನು ಹೇಳಬೇಕು. ಸತ್ತಿದ್ದರೆ ಆತುರಪಟ್ಟು ಬಿಟ್ಟವನು ಮನುಯೆಲ್. ಆ ಮಾತನ್ನು ತೆರೇಜಾ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮನುಯೆಲ್ ತೊಟ್ಟಿಯ ನೀರನ್ನು ಇನ್ನೂ ದಿನಾ ಬದಲಾಯಿಸುತ್ತಾನೆ ಎಂದರು.

ಲೆಕ್ಕ ಕೇಳಲು ಸುಲಭ. ಸಮುದ್ರದ ಮೈ ಸಮತಟ್ಟಲ್ಲ, ಅಲ್ಲಲ್ಲಿ ಉಬ್ಬು ತಗ್ಗು ಇರುತ್ತದೆ. ಉಪಗ್ರಹ ಅದನ್ನು ಅಳೆಯುತ್ತದೆ. ಅದರಿಂದ ನೀರು ಎತ್ತ ಹರಿಯುತ್ತಿದೆ ಅಂತ ತೆಗೆಯಬಹುದು. ಆಮೇಲೆ ಕಂಪ್ಯೂಟರಿನೊಳಗಿನ ಸಮುದ್ರಕ್ಕೆ ಲಕ್ಷಾಂತರ ಸುಳ್ಳು ಎಲೆಗಳನ್ನು ಚೆಲ್ಲಿ, ಒಂದೊಂದೂ ಎಲ್ಲಿಗೆ ಹೋಗುತ್ತದೆಂದು ನೋಡುವುದು. ಆಮೆ ಹೋದ ದಾರಿಯಿಂದ ನೀರು ಒಯ್ದ ದಾರಿಯನ್ನು ಕಳೆದರೆ, ಉಳಿದದ್ದು ಆಮೆಯ ಸ್ವಂತ ನಡಿಗೆ. ಅವಳ ಇಷ್ಟ, ಅವಳ ಹಟ, ಎಲ್ಲ ಆ ಉಳಿಕೆಯಲ್ಲಿ. ನಾನು ಇದನ್ನು ತೆರೇಜಾಗೆ ಹೇಳುವಾಗ ಬಹಳ ಗಂಭೀರವಾಗಿ ಗಡ್ಡ ಸವರಿಕೊಂಡೆ.

ಮೂರನೇ ದಿನ, ನನ್ನ ತೀರ್ಪು

ಉಳಿದದ್ದು ಸೊನ್ನೆ.

ನೀರಿನ ದಾರಿ ನೀಲಿ ಗೆರೆ, ಕನೇಲಳ ದಾರಿ ಕೆಂಪು ಗೆರೆ. ಒಂದರ ಮೇಲೊಂದು ಕೂತು ಎರಡೂ ಸೇರಿ ನೇರಳೆ ಕಾಣುತ್ತಿತ್ತು. ಇಷ್ಟು ಚೆಂದದ ಉತ್ತರ ನನ್ನ ಜನ್ಮದಲ್ಲೇ ಬಂದಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಅದರ ಅರ್ಥ ಏನು ಅನ್ನುವುದು ಆಮೇಲೆ ತಲೆಗೆ ಹೋಯಿತು.

ಏಳೆಂಟು ಜನ ಸೇರಿದ್ದ ಕೋಣೆಯಲ್ಲಿ ಎದ್ದು ನಿಂತು ಹೇಳಿದೆ. ಬದುಕಿರುವ ಪ್ರಾಣಿ ಸ್ವಲ್ಪವಾದರೂ ಅತ್ತಿತ್ತ ಸರಿಯುತ್ತದೆ, ಇವಳು ಮೂರು ವಾರದಲ್ಲಿ ಒಂದು ಮಾರೂ ತಾನಾಗಿ ಸರಿದಿಲ್ಲ, ನೀರು ಒಯ್ದ ಕಡೆ ಹೋಗಿದ್ದಾಳೆ ಅಂದೆ. ಅಷ್ಟಕ್ಕೆ ಕೂತಿದ್ದರೆ ಆಗುತ್ತಿತ್ತು. ಸತ್ತ ಮೀನು ಹೊಳೆ ಹೋದ ಕಡೆ ಹೋಗುತ್ತೆ ಅಂತ ನಮ್ಮೂರಲ್ಲಿ ಗಾದೆ ಇದೆ ಎಂದೂ ಸೇರಿಸಿದೆ. ಅಂಥ ಗಾದೆ ನಮ್ಮೂರಲ್ಲಿ ಇಲ್ಲ. ಆ ಗಳಿಗೆಯಲ್ಲಿ ಬಾಯಿಗೆ ಬಂತು, ಚೆನ್ನಾಗಿದೆ ಅನ್ನಿಸಿತು, ಬಿಟ್ಟೆ.

ಮನುಯೆಲ್ ಬಾಗಿಲ ಹತ್ತಿರ ನಿಂತಿದ್ದ. ಅವನು ಇರುವುದನ್ನು ನಾನು ನೋಡಿರಲಿಲ್ಲ.

"ಸತ್ತಿದ್ದಾಳಾ?" ಅಂದ.

"ಲೆಕ್ಕ ಹಾಗೆ ಹೇಳುತ್ತೆ," ಅಂದೆ.

ಅವನು ತಲೆಯಾಡಿಸಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ನೀರು ಧೋ ಅಂತ ಹರಿಯುವ ಸದ್ದು ಕೇಳಿತು. ಕಿಟಕಿಯಿಂದ ನೋಡಿದರೆ ತೊಟ್ಟಿ ಬರಿದಾಗುತ್ತಿತ್ತು. ಮನುಯೆಲ್ ಹೆಸರಿನ ಹಲಗೆ ಕಳಚಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಕೋಣೆಯಲ್ಲಿ ಯಾರೋ ನನ್ನ ಲೆಕ್ಕ ಬಹಳ ಅಚ್ಚುಕಟ್ಟಾಗಿದೆ ಅಂದರು. ನನಗೆ ಅವತ್ತು ಚಟ್ನಿಪುಡಿಯೂ ಇಳಿಯಲಿಲ್ಲ.

ನಾಲ್ಕನೇ ದಿನ, ಎರಡು ನೀರು ಕೂಡುವ ಗೆರೆ

ನನ್ನನ್ನು ಸಮುದ್ರಕ್ಕೆ ಕರೆದೊಯ್ಯುತ್ತೇನೆಂದು ಮನುಯೆಲ್ ಮೊದಲ ದಿನವೇ ಮಾತು ಕೊಟ್ಟಿದ್ದ. ತೀರ್ಪು ಕೇಳಿದ ಮೇಲೂ ಬೆಳಿಗ್ಗೆ ಬಂದು ಬಾಗಿಲು ತಟ್ಟಿದ. ಕೊಟ್ಟ ಮಾತು, ನಡಿ ಅಂದ. ತನ್ನ ಹಿತ್ತಲಿನ ಒಂದು ಚೀಲ ಕಿತ್ತಳೆ ದೋಣಿಯಲ್ಲಿಟ್ಟ. ಅವನ ಊರಿನ ಪದ್ಧತಿ, ಸಮುದ್ರಕ್ಕೆ ಬರಿಗೈಯಲ್ಲಿ ಹೋಗುವುದಿಲ್ಲವಂತೆ.

ಸಮುದ್ರ ಪಂಡಿತ ದಡ ಬಿಟ್ಟ ಕಾಲು ಗಂಟೆಯಲ್ಲಿ ವಾಂತಿ ಶುರು ಮಾಡಿದ. ಮೊದಲು ಬ್ರೆಡ್ಡು, ಆಮೇಲೆ ಚೀಸು, ಆಮೇಲೆ ನನ್ನ ಘನತೆ. ದೋಣಿಯ ಅಂಚನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ನಮ್ಮ ಮನೆದೇವರಿಗೆ ಏನೇನೋ ಹರಕೆ ಹೊತ್ತೆ. ಕೆಲವನ್ನು ಇನ್ನೂ ತೀರಿಸಿಲ್ಲ.

ಬಹಳ ದೂರ ಹೋದ ಮೇಲೆ ಮನುಯೆಲ್ ಎಂಜಿನ್ ನಿಲ್ಲಿಸಿ ಕೈ ತೋರಿಸಿದ. ನಾನು ಕಂಪ್ಯೂಟರಿನಲ್ಲಿ ಎಷ್ಟೋ ಸಾರಿ ಎಳೆದಿದ್ದ ಗೆರೆ ಅಲ್ಲಿ ನಿಜವಾಗಿ ಇತ್ತು. ಒಂದು ಕಡೆಯ ನೀರು ಒಂದು ಬಣ್ಣ, ಇನ್ನೊಂದು ಕಡೆಯದು ಇನ್ನೊಂದು. ನಡುವೆ ನೊರೆಯ ಸಾಲು, ಪಾಚಿ, ಲೋಳೆಮೀನು, ಪಾಚಿ ಮೇಲೆ ಸಣ್ಣ ಏಡಿಗಳು. ಎರಡು ಕಡೆಯಿಂದಲೂ ನೀರು ತಂದು ಸುರಿದದ್ದೆಲ್ಲ ಅಲ್ಲಿ ಸೇರಿ, ಅದನ್ನು ತಿನ್ನುವವರೆಲ್ಲ ಅಲ್ಲಿ ಸೇರುತ್ತಾರೆ. ನಮ್ಮ ಕೆ.ಆರ್. ನಗರದ ಸಂತೆಯ ಹಾಗೆ. ಕಣ್ಣು ತುಂಬಿ ಬಂತು. ಭೇರ್ಯದ ಕೆರೆಯ ಅಂತರಗಂಗೆ ಇಲ್ಲಿ ನನ್ನ ಮುಂದೆ ಸಮುದ್ರವಾಗಿ ಹರಡಿಕೊಂಡಿತ್ತು.

ಕಣ್ಣು ಒರೆಸಿಕೊಳ್ಳಲು ಅಂಚಿನಿಂದ ಕೈ ಬಿಟ್ಟೆ. ಒಂದು ಅಲೆ ಬಂದು ದೋಣಿ ವಾಲಿತು. ನಾನು ಮುಗ್ಗರಿಸಿ, ನನ್ನ ಕಾಲು ಕಿತ್ತಳೆ ಚೀಲಕ್ಕೆ ಬಡಿದು, ಪಕ್ಕದಲ್ಲಿದ್ದ ಗಿರಿಜಳ ಡಬ್ಬವೂ ನಾಲ್ಕು ಕಿತ್ತಳೆಗಳೂ ನೀರಿಗೆ ಬಿದ್ದವು. ಸಮುದ್ರ ಕಾಪಾಡುವವರ ಅತಿಥಿಯಾಗಿ ಹೋಗಿ ಸಮುದ್ರಕ್ಕೆ ಪ್ಲಾಸ್ಟಿಕ್ ಹಾಕಿದ ಕೀರ್ತಿ ನನ್ನದು. ಹೆಂಡತಿಯ ಮುಖ ಕಣ್ಣ ಮುಂದೆ ಬಂತು.

ಡಬ್ಬದಲ್ಲಿ ಪುಡಿ ತಳ ಕಂಡಿತ್ತು, ಹಾಗಾಗಿ ಹಗುರವಾಗಿ ನೀರಿನ ಮೇಲೆ ಕೂತು, ಗಾಳಿ ಬೀಸಿದ ಕಡೆಗೆ ಓಡತೊಡಗಿತು. ನೊರೆಯ ಸಾಲನ್ನು ದಾಟಿ, ಆಚೆಯ ನೀರಿಗೂ ದಾಟಿ, ಕೆಂಪು ಮುಚ್ಚಳ ಕುಣಿಸುತ್ತ ಹೋಗೇ ಹೋಯಿತು. ಕಿತ್ತಳೆಗಳು ಹೋಗಲಿಲ್ಲ. ಅವು ಮುಕ್ಕಾಲು ಮುಳುಗಿ, ನೊರೆಯ ಜೊತೆಗೇ, ಪಾಚಿಯ ಜೊತೆಗೇ ನಿಧಾನವಾಗಿ ನಡೆದವು.

ನೋಡುತ್ತ ನೋಡುತ್ತ ನನ್ನ ತಲೆಯ ಮೇಲೆ ಒಂದು ಜಾಗ ಚುರುಗುಟ್ಟಿತು. ಅಪ್ಪ ಮೊಟಕಿದ ಜಾಗ. ಅವತ್ತು ಕಾಲುವೆ ಏರಿಯ ಮೇಲೆ ಹೇಳಿದ್ದ ಮಾತೂ ಅದರ ಹಿಂದೆಯೇ ಬಂತು: "ತರಗು ಗಾಳಿ ಮಾತು ಕೇಳ್ತದೆ ಕಣ್ಲಾ. ಬುಲ್ಡೆ ಆದ್ರೆ ನೀರಿನ್ ಮಾತು ಕೇಳ್ತದೆ."

ಯಂತ್ರ ಕಳಚಿದ್ದರೆ ಅದು ನೀರಿನ ಮೇಲೆ ಡಬ್ಬದ ಹಾಗೆ ತೇಲುತ್ತಿತ್ತು. ಗಾಳಿ ಅದನ್ನು ಎಳೆದುಕೊಂಡು ಹೋಗುತ್ತಿತ್ತು. ಹೆಣವಾಗಿದ್ದರೆ ಉಬ್ಬಿ ಮೇಲಕ್ಕೆ ಬಂದು, ಅದನ್ನೂ ಗಾಳಿ ಬಿಡುತ್ತಿರಲಿಲ್ಲ. ಎರಡು ಗೆರೆ ಅಷ್ಟು ಚೆಂದವಾಗಿ ಒಂದರ ಮೇಲೊಂದು ಕೂರಬೇಕಾದರೆ ಅದು ಗಾಳಿಗೆ ಸಿಗದೆ ನೀರೊಳಗೆ ಇರಬೇಕು. ಯಂತ್ರ ತಾನಾಗಿ ನೀರೊಳಗೆ ಇರುವುದಿಲ್ಲ. ಅದನ್ನು ಹೊತ್ತುಕೊಂಡು ಯಾರೋ ಇದ್ದಾರೆ. ಗಾಯದ ಕಾಲಿಗೆ ಆಯಾಸ ಕೊಡದೆ, ನೀರಿನ ಮೇಲೆ ಭಾರ ಹಾಕಿ ಸುಮ್ಮನೆ ಹೋಗುತ್ತಿದ್ದಾರೆ. ನೀರಗಂಟಿಯ ಮಗನಾಗಿ ಹುಟ್ಟಿ, ಬುರುಡೆಯನ್ನು ತರಗು ಅಂದುಕೊಂಡೆನಲ್ಲ.

ಆನಂದಕ್ಕೋ ವಾಂತಿಗೋ ನನ್ನ ಇಂಗ್ಲಿಷು ಮಾಯವಾಗಿತ್ತು. ಡಬ್ಬದ ಕಡೆ ಕೈ ತೋರಿಸಿ ತರಗು, ತರಗು ಅಂತ ಕೂಗಿದೆ. ಮನುಯೆಲ್ ಡಬ್ಬಕ್ಕಾಗಿ ಅಳುತ್ತಿದ್ದೇನೆಂದು ತಿಳಿದು, ಪಾಪ, ಎಂಜಿನ್ ಹಾಕಿ ಅದರ ಹಿಂದೆ ಹೊರಟ. ಬೇಡ, ನಿಲ್ಲಿಸು, ಸುಮ್ನೆ ನೋಡು ಅಂತ ಅವನ ತೋಳು ಹಿಡಿದೆ. ಹುಚ್ಚನ ಜೊತೆ ನಡುಸಮುದ್ರದಲ್ಲಿ ಸಿಕ್ಕಿಕೊಂಡವನ ಮುಖ ಮಾಡಿ ಅವನು ಎಂಜಿನ್ ನಿಲ್ಲಿಸಿದ. ಬಹಳ ಹೊತ್ತು ಇಬ್ಬರೂ ಒಂದು ಡಬ್ಬ, ನಾಲ್ಕು ಕಿತ್ತಳೆ ನೋಡುತ್ತ ಕೂತೆವು. ಡಬ್ಬ ಚುಕ್ಕೆಯಾಯಿತು. ಆಮೇಲೆ ಅವನು ಹೋಗಿ ಕೊಕ್ಕೆ ಹಾಕಿ ಅದನ್ನು ಎತ್ತಿಕೊಂಡ.

ಐದನೇ ದಿನ, ಅದೇ ಕೋಣೆ

ತೆರೇಜಾ ಗಾಳಿಯ ಲೆಕ್ಕವನ್ನೆಲ್ಲ ತೆಗೆದುಕೊಟ್ಟರು. ಗಾಳಿಗೆ ಸಿಕ್ಕುವ ಎಲೆಗಳನ್ನು ಬೇರೆ, ಸಿಗದವನ್ನು ಬೇರೆ ಚೆಲ್ಲಿದೆ. ಗಾಳಿಗೆ ಸಿಕ್ಕ ಎಲೆಗಳು ಪಕ್ಕದ ದ್ವೀಪವನ್ನೂ ದಾಟಿ ಪೂರ್ವಕ್ಕೆ ಹೋಗಿಬಿಟ್ಟಿದ್ದವು. ಕನೇಲ ಕಿತ್ತಳೆಯ ದಾರಿಯಲ್ಲೇ ಇದ್ದಳು.

ಅದೇ ಕೋಣೆ, ಅದೇ ಜನ. ನಾನು ಎದ್ದು ನಿಂತು, ಮೊನ್ನೆ ಹೇಳಿದ್ದು ತಪ್ಪು ಅಂದೆ. ಗಾದೆಯೂ ಸುಳ್ಳು ಅಂದೆ. ನಕ್ಕರು, ನಗಲಿ. ಇಪ್ಪತ್ತು ವರ್ಷದಿಂದ ಹುಡುಗರಿಗೆ ಹೇಳುತ್ತಾ ಬಂದಿದ್ದೇನೆ, ಉತ್ತರ ಚೆಂದ ಬಂತು ಅಂತ ಕುಣೀಬೇಡ್ರೋ, ಮೊದಲು ಪ್ರಶ್ನೆ ಓದ್ರೋ ಅಂತ. ಆ ಹುಡುಗರಲ್ಲಿ ಯಾರಾದರೂ ಆ ಕಿಟಕಿಯಿಂದ ಇಣುಕಿ ನೋಡಬೇಕಿತ್ತು.

ತೆರೇಜಾ ನಿಧಾನಸ್ಥೆ. ಇದರಿಂದ ಅವಳು ಬದುಕಿದ್ದಾಳೆ ಎಂದು ಪೂರ್ತಿ ಸಿದ್ಧವಾಗುವುದಿಲ್ಲ, ಸತ್ತಿದ್ದಾಳೆ ಅನ್ನಲು ಕಾರಣವಿಲ್ಲ ಎಂದಷ್ಟೇ ಆಗುತ್ತದೆ ಅಂದರು. ಅವಳಾಗಿ ಒಂದು ಸಲ ಈಜಿ ತೋರಿಸಬೇಕು.

ಮನುಯೆಲ್ ಕೋಣೆಗೆ ಬಂದಿರಲಿಲ್ಲ. ದೋಣಿ ತೊಳೆಯುತ್ತಿದ್ದವನನ್ನು ಹುಡುಕಿಕೊಂಡು ಹೋಗಿ ಹೇಳಿದೆ. ಅವನು ಕೈ ನಿಲ್ಲಿಸದೆ ಕೇಳಿಸಿಕೊಂಡ.

"ಮೊನ್ನೆ ಕಂಪ್ಯೂಟರ್ ಸಾಯಿಸಿತು. ಇವತ್ತು ಕಿತ್ತಳೆ ಬದುಕಿಸಿದೆ," ಅಂದ. "ನಾಳೆ ಏನು ಹೇಳ್ತೀಯ?"

ಕೋಪವಿರಲಿಲ್ಲ ಅವನ ಮಾತಿನಲ್ಲಿ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ಒಂದು ಸಲ ಅತ್ತು ಮುಗಿಸಿದವನನ್ನು ಮತ್ತೆ ಕಾಯಲು ಕೂರಿಸುತ್ತಿದ್ದೆ. ಏನೂ ಹೇಳಲ್ಲ, ನಾನೂ ಕಾಯ್ತೀನಿ ಅಂದೆ. ಇನ್ನೊಂದು ಬ್ರಷ್ಷು ಕೊಟ್ಟ. ಇಬ್ಬರೂ ದೋಣಿ ತೊಳೆದೆವು. ಅದರಲ್ಲಿ ಅರ್ಧ ಕೊಳೆ ನನ್ನದೇ ಆಗಿತ್ತು.

ಕೊನೆಯ ದಿನ

ಮಧ್ಯಾಹ್ನ ನನ್ನ ವಿಮಾನ. ಎರಡು ದಿನದಿಂದ ಪಶ್ಚಿಮದ ಗಾಳಿ ಜೋರಾಗಿ ಬೀಸಿತ್ತು, ತೇಲುವುದೆಲ್ಲ ಪೂರ್ವಕ್ಕೆ ಓಡಬೇಕು. ನೀರು ಈಶಾನ್ಯಕ್ಕೆ ಹರಿಯುತ್ತಿತ್ತು. ನಾನೂ ತೆರೇಜಾ ಬೆಳಗಿನಿಂದ ಕಂಪ್ಯೂಟರಿನ ಮುಂದೆ ಕೂತಿದ್ದೆವು. ಹೊತ್ತು ಮೀರಿದರೂ ಯಂತ್ರ ಮಾತಾಡಲಿಲ್ಲ. ತೆರೇಜಾ ಎರಡು ಸಲ ತೀರ್ಥದಂಥ ಕಾಫಿ ತಂದರು. ಮನುಯೆಲ್ ಕಾರು ತಂದು ಹೊರಗೆ ನಿಲ್ಲಿಸಿದ. ನಾನು ಚೀಲ ಎತ್ತಿಕೊಂಡಾಗ ಕಂಪ್ಯೂಟರು ಟಿಂಗ್ ಅಂತು.

ಕನೇಲ ನೈಋತ್ಯಕ್ಕೆ ಹೋಗಿದ್ದಳು. ಗಾಳಿಗೂ ಎದುರು, ನೀರಿಗೂ ಎದುರು.

ಅವಸರದಲ್ಲಿ ಎರಡು ಸಲ ತಪ್ಪು ಒತ್ತಿದೆ. ಅವಳ ದಾರಿಯಿಂದ ನೀರಿನ ದಾರಿ ಕಳೆದೆ. ಪರದೆಯ ಮೇಲೆ ಒಂದು ಬಾಣ ಉಳಿಯಿತು. ಗಿಡ್ಡ ಬಾಣ, ಸ್ವಲ್ಪ ಓರೆ, ಆದರೆ ಸೊನ್ನೆಯಲ್ಲ. ಹಿಂದೆ ತಿರುಗಿದರೆ ಮನುಯೆಲ್ ನಿಂತಿದ್ದ. ಅವನು ಆ ಕೋಣೆಯಲ್ಲಿ ಬಾಗಿಲಿಂದ ಒಳಗೆ ಬಂದದ್ದು ಅದೇ ಮೊದಲು. ದಪ್ಪ ಬೆರಳನ್ನು ಪರದೆಯ ಮೇಲೆ, ಆ ಬಾಣದ ಮೇಲಿಟ್ಟ.

"ಇದು ಅವಳಾ?"

"ಇದು ಅವಳು," ಅಂದೆ.

ಅವನು ಬೆರಳು ತೆಗೆಯಲಿಲ್ಲ. ತೆರೇಜಾ ಕನ್ನಡಕ ತೆಗೆದು ಒರೆಸಿಕೊಂಡರು. ನಾನಂತೂ ಸರಿಯಾಗಿ ಅತ್ತೆ, ನಾಚಿಕೆ ಯಾಕೆ. ನನಗೆ ವಿಮಾನ ತಪ್ಪುತ್ತದೆ ಅನ್ನುವುದು ಮೂವರಿಗೂ ಮರೆತಿತ್ತು. ನೆನಪಾದ ಮೇಲೂ ಹೊರಡುವ ಮೊದಲು ಮನುಯೆಲ್ ಹಿತ್ತಲಿಗೆ ಹೋಗಿ, ಹೆಸರಿನ ಹಲಗೆಯನ್ನು ಮೊದಲಿದ್ದ ಜಾಗಕ್ಕೆ ಮೊಳೆ ಹೊಡೆದು ಬಂದ. ತೊಟ್ಟಿಗೆ ನೀರು ಬಿಡಲಿಲ್ಲ.

ವಿಮಾನ ನಿಲ್ದಾಣದಲ್ಲಿ ಸೀಟಿನ ಕೆಳಗಿನಿಂದ ಕೆಂಪು ಮುಚ್ಚಳದ ಡಬ್ಬ ತೆಗೆದುಕೊಟ್ಟ. ತೊಳೆದಿದ್ದ. ಒಳಗೆ ಅವನ ಹೆಂಡತಿ ಮಾಡಿದ ಕಿತ್ತಳೆ ಮುರಬ್ಬ ತುಂಬಿತ್ತು. ಯಾರದಾದರೂ ಡಬ್ಬವನ್ನು ಬರಿದಾಗಿ ವಾಪಸ್ ಕೊಡಬಾರದು, ಅವನ ಅಮ್ಮ ಹೇಳುತ್ತಿದ್ದಳಂತೆ. ನಮ್ಮಲ್ಲೂ ಅದೇ ಶಾಸ್ತ್ರ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ ಎಂದು ಹೇಳಬೇಕೆಂದಿದ್ದೆ. ಹೇಳುವ ಬದಲು ಡಬ್ಬವನ್ನು ಎರಡೂ ಕೈಯಲ್ಲಿ ಇಸಕೊಂಡೆ.

ಕೆ.ಆರ್. ನಗರ

ಗಿರಿಜ ಮೊದಲು ಡಬ್ಬ ನೋಡಿದಳು, ಆಮೇಲೆ ನನ್ನನ್ನು. ಮುಚ್ಚಳಕ್ಕೆ ಗೀರು ಬಿದ್ದದ್ದು ಹೇಗೆ ಎಂದು ಕೇಳಿದಳು. ಹೇಳಿದೆ. ಅಟ್ಲಾಂಟಿಕ್‌ನಲ್ಲಿ ತೇಲಿ ಬಂದ ಡಬ್ಬ ನಮ್ಮ ಬೀದಿಯಲ್ಲಿ ಇನ್ಯಾರ ಮನೆಯಲ್ಲಿದೆ ಅಂದೆ. ಅವಳು ಅದರಲ್ಲಿ ಈಗ ಜೀರಿಗೆ ಹಾಕಿಟ್ಟಿದ್ದಾಳೆ.

ಅಪ್ಪನಿಗೆ ಬುರುಡೆಯ ಕತೆ ಪೂರ್ತಿ ಹೇಳಿದೆ. ಹೊಗಳುತ್ತಾರೆ ಅಂದುಕೊಂಡಿದ್ದೆ. ಅಷ್ಟನ್ನು ತಿಳಿಯೋಕೆ ಅಲ್ಲೀಗಂಟ ಹೋಗ್ಬೇಕಾಯ್ತಾ ಅಂತ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಆದರೆ ಅವತ್ತಿನಿಂದ ದಿನಾ ಸಂಜೆ ನಾನು ಬಸ್ಸಿಳಿದು ಬರುವುದನ್ನೇ ಕಾಯುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ, ಕನೇಲ ಅನ್ನಲು ನಾಲಗೆ ತಿರುಗದೆ, "ಕೆಂ‍ಪಿ ಎಲ್ಲವ್ಳೆ?" ನಾನು ಮೊಬೈಲಿನಲ್ಲಿ ನಕ್ಷೆ ತೆಗೆದು ತೋರಿಸುತ್ತಿದ್ದೆ. ಒಂದು ದಿನ ನೀರಿನ ಜೊತೆ, ಒಂದು ದಿನ ನೀರಿಗೆ ಎದುರು. ಅಪ್ಪ ನಕ್ಷೆಯನ್ನು ಕಾಲುವೆ ನೋಡುವ ಹಾಗೆಯೇ ನೋಡುತ್ತಿದ್ದರು.

ಆಮೇಲೆ ಒಂದು ದಿನ ಯಂತ್ರ ಮಾತು ನಿಲ್ಲಿಸಿತು. ಬ್ಯಾಟರಿ ಮುಗಿದಿರಬೇಕು, ಇಷ್ಟು ದಿನ ಬಂದದ್ದೇ ಹೆಚ್ಚು ಎಂದು ತೆರೇಜಾ ಬರೆದರು. ಮನುಯೆಲ್ ಹಲಗೆ ತೆಗೆದಿಲ್ಲ ಎಂದೂ ಬರೆದಿದ್ದರು. ಈಗ ನನ್ನ ಹತ್ತಿರ ಗೆರೆಯಿಲ್ಲ, ಬಾಣವಿಲ್ಲ, ಕಳೆಯಲು ಏನೂ ಇಲ್ಲ.

ಅಪ್ಪ ಕೇಳುವುದನ್ನು ಬಿಟ್ಟಿಲ್ಲ. ನಿನ್ನೆಯೂ ಬಸ್ಸಿಳಿದು ಬಂದಾಗ ಜಗಲಿಯಿಂದಲೇ ಕೇಳಿದರು.

"ಏನ್ಲಾ, ಕೆಂಪಿ ಬದುಕವ್ಳಾ?"

"ಬದುಕವ್ಳೆ ಕಣಪ್ಪ," ಅಂದೆ.